ಹಳೆಯ ಆಟೋಮ್ಯಾಟಿಕ್ ಕಾರಿಗೆ ಮ್ಯಾನುಯಲ್ ಗೇರ್‌ಬಾಕ್ಸ್ ಕೂರಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ಮುಂದಿದ್ದು ಹಿಂದಿನ ಚಕ್ರಗಳಿಗೆ ಶಕ್ತಿ ಹೋಗುವ, ಸುಮಾರು 1950ರಿಂದ 1980ರ ದಶಕದವರೆಗಿನ ಕಾರುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಮುಂದಿನ ಚಕ್ರಗಳಿಂದ ಚಲಿಸುವ ಕಾರುಗಳಲ್ಲಿ ಗೇರ್‌ಬಾಕ್ಸ್, ಡಿಫರೆನ್ಷಿಯಲ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುವುದರಿಂದ ಅಲ್ಲಿನ ಕೆಲಸದ ಸ್ವರೂಪವೇ ಬೇರೆ.

ನನ್ನ ಹಳೆಯ ಆಟೋಮ್ಯಾಟಿಕ್ ಕಾರಿಗೆ ಮ್ಯಾನುಯಲ್ ಗೇರ್‌ಬಾಕ್ಸ್ ಹಾಕಲು ಬರುತ್ತದೆಯೇ?

ಹೆಚ್ಚಿನ ಕಾರುಗಳಿಗೆ ಬರುತ್ತದೆ. ಆ ಕೆಲಸ ಎಷ್ಟು ಸುಲಭ ಎಂಬುದು ಮಾತ್ರ ಒಂದು ಸಂಗತಿಯನ್ನು ಅವಲಂಬಿಸಿದೆ: ಅದೇ ಮಾದರಿಯನ್ನು, ಅದೇ ಎಂಜಿನ್ನಿನೊಂದಿಗೆ, ಕಾರ್ಖಾನೆಯವರೇ ಮ್ಯಾನುಯಲ್ ಆಗಿಯೂ ಮಾರಿದ್ದರೇ? 1960ರ ದಶಕದ ಫೋರ್ಡ್ ಮಸ್ಟಾಂಗ್, ಷೆವ್ರೊಲೆ ಕಮಾರೊ, ಷೆವೆಲ್ ಮುಂತಾದವು ಎರಡೂ ಬಗೆಯಲ್ಲಿ ಬಂದವು. ಜಾಗ್ವಾರ್ ಇ-ಟೈಪ್‌ನ 2+2 ಮಾದರಿ 1966ರಲ್ಲಿ ಬಂದಾಗ ಅದರಲ್ಲಿ ಆಟೋಮ್ಯಾಟಿಕ್ ಆಯ್ಕೆಯಿತ್ತು, ಮ್ಯಾನುಯಲ್ ಕೂಡ ಮುಂದುವರಿದಿತ್ತು. ಇಂಥ ಕಾರುಗಳಿಗೆ ಬೇಕಾದ ಪ್ರತಿಯೊಂದು ಬಿಡಿಭಾಗವನ್ನೂ ಯಾರೋ ಒಮ್ಮೆ ಯೋಚಿಸಿ, ಅಳೆದು, ಪರೀಕ್ಷಿಸಿ ತಯಾರಿಸಿದ್ದಾರೆ. ನಾವು ಅವರ ದಾರಿಯಲ್ಲೇ ನಡೆದರೆ ಸಾಕು. 1960ರ ದಶಕದ ಕ್ಯಾಡಿಲಾಕ್ ಅಥವಾ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೊ ಆಟೋಮ್ಯಾಟಿಕ್ ಆಗಿ ಮಾತ್ರ ಮಾರಾಟವಾದ ಕಾರುಗಳು. ಅಂಥವುಗಳಲ್ಲಿ ಪೆಡಲಿನಿಂದ ಹಿಡಿದು ಬೆಲ್ ಹೌಸಿಂಗ್‌ವರೆಗೆ (ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ಚನ್ನು ಮುಚ್ಚಿಕೊಂಡಿರುವ ಗಂಟೆಯಾಕಾರದ ಕವಚ) ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ. ಮೊದಲ ಸಲ ಈ ಕೆಲಸಕ್ಕೆ ಕೈ ಹಾಕುವವರು ಅಂಥ ಕಾರನ್ನು ಆರಿಸಿಕೊಳ್ಳಬಾರದೆಂದು ನಾನು ಖಚಿತವಾಗಿ ಹೇಳುತ್ತೇನೆ.

ಆಟೋಮ್ಯಾಟಿಕ್ ಕೆಟ್ಟುಹೋಗಿದೆ. ಅದನ್ನು ರಿಪೇರಿ ಮಾಡಿಸುವುದಕ್ಕಿಂತ ಮ್ಯಾನುಯಲ್ ಹಾಕಿಸುವುದು ಅಗ್ಗವಲ್ಲವೇ?

ಅಲ್ಲ. ಟರ್ಬೊ-ಹೈಡ್ರಾಮ್ಯಾಟಿಕ್ 350, ಫೋರ್ಡ್ ಸಿ4, ಕ್ರೈಸ್ಲರ್ ಟಾರ್ಕ್‌ಫ್ಲೈಟ್ ಮುಂತಾದ ಹಳೆಯ ಮೂರು ಗೇರಿನ ಆಟೋಮ್ಯಾಟಿಕ್‌ಗಳು ಸರಳವೂ ಗಟ್ಟಿಯೂ ಆದ ಯಂತ್ರಗಳು. ಅವುಗಳ ಸೀಲು, ಕ್ಲಚ್ ಬಿಲ್ಲೆಗಳು ಈಗಲೂ ಸುಲಭವಾಗಿ ಸಿಗುತ್ತವೆ. ಪರಿವರ್ತನೆಯ ಖರ್ಚು ಗೇರ್‌ಬಾಕ್ಸಿನ ಬೆಲೆಗೆ ನಿಲ್ಲದೆ ಹತ್ತಾರು ಸಣ್ಣ ಭಾಗಗಳಲ್ಲಿ ಹರಿದುಹೋಗುತ್ತದೆ. ಕಾಲಲ್ಲಿ ಕ್ಲಚ್ ಒತ್ತಿ, ಕೈಯಾರೆ ಗೇರು ಬದಲಿಸಿ ಆ ಕಾರನ್ನು ಓಡಿಸಬೇಕೆಂಬ ಆಸೆ ಗಟ್ಟಿಯಾಗಿದ್ದರೆ ಮಾತ್ರ ಕೆಲಸ ಶುರುಮಾಡಿ. ಹಣ ಉಳಿಸುವ ಉದ್ದೇಶದಿಂದ ಹೊರಟವರು ಅರ್ಧ ದಾರಿಯಲ್ಲಿ ಕೈಬಿಟ್ಟ ಕಾರುಗಳನ್ನು ನಾನು ಒಂದಕ್ಕಿಂತ ಹೆಚ್ಚು ಸಲ ನೋಡಿದ್ದೇನೆ.

ಗೇರ್‌ಬಾಕ್ಸ್ ಒಂದು ಸಿಕ್ಕಿದೆ. ಇನ್ನು ಏನೇನು ಬೇಕು?

ನಿಜ ಹೇಳಬೇಕೆಂದರೆ ಗೇರ್‌ಬಾಕ್ಸ್ ಈ ಕೆಲಸದ ಸುಲಭವಾದ ಭಾಗ. ಅದರ ಜೊತೆಗೆ ಬೆಲ್ ಹೌಸಿಂಗ್, ಫ್ಲೈವೀಲ್ (ಕ್ರ್ಯಾಂಕ್‌ಶಾಫ್ಟಿನ ಹಿಂದೆ ಕೂರುವ ಭಾರದ ಚಕ್ರ), ಫ್ಲೈವೀಲಿಗೆ ತಕ್ಕ ಉದ್ದದ ಬೋಲ್ಟುಗಳು (ಆಟೋಮ್ಯಾಟಿಕ್‌ನ ತೆಳುವಾದ ಫ್ಲೆಕ್ಸ್ ಪ್ಲೇಟಿನ ಬೋಲ್ಟುಗಳು ಗಿಡ್ಡವಾಗಿರುತ್ತವೆ, ಅವನ್ನು ಬಳಸಬಾರದು), ಕ್ಲಚ್ ಪ್ಲೇಟು, ಪ್ರೆಷರ್ ಪ್ಲೇಟು, ರಿಲೀಸ್ ಬೇರಿಂಗ್, ಅದನ್ನು ತಳ್ಳುವ ಫೋರ್ಕು, ಪೈಲಟ್ ಬೇರಿಂಗ್, ಎರಡು ಪೆಡಲುಗಳ ಜೋಡಣೆ, ಕ್ಲಚ್ಚಿನ ಲಿಂಕೇಜು, ಗೇರ್ ಲಿವರು, ಗೇರ್‌ಬಾಕ್ಸನ್ನು ಹೊರುವ ಅಡ್ಡಪಟ್ಟಿ, ಪ್ರೊಪೆಲ್ಲರ್ ಶಾಫ್ಟಿನ ಮುಂದಿನ ಯೋಕು (ಗೇರ್‌ಬಾಕ್ಸಿನೊಳಗೆ ಜಾರಿ ಕೂರುವ ತುದಿ), ಸ್ಪೀಡೋಮೀಟರಿನ ಗೇರು ಮತ್ತು ಕೇಬಲ್ಲು, ರಿವರ್ಸ್ ದೀಪದ ಸ್ವಿಚ್ಚು ಬೇಕು. ಎಂಜಿನ್ನಿಗೂ ಬೆಲ್ ಹೌಸಿಂಗಿಗೂ ನಡುವೆ ಕೂರುವ ತಗಡನ್ನು ಬಹಳ ಜನ ಮರೆಯುತ್ತಾರೆ. ಕೆಲವು ಎಂಜಿನ್‌ಗಳಲ್ಲಿ ಸ್ಟಾರ್ಟರ್ ಮೋಟಾರು ಎಲ್ಲಿ ಕೂರಬೇಕೆಂಬುದು ಅದರ ದಪ್ಪದಿಂದಲೇ ನಿಗದಿಯಾಗುತ್ತದೆ.

ಸಾಧ್ಯವಾದರೆ ಇಡೀ ಸೆಟ್ಟನ್ನು ಒಂದೇ ದಾನಿ ಕಾರಿನಿಂದ ತೆಗೆದುಕೊಳ್ಳಿ. ಬಿಚ್ಚುವಾಗ ಪ್ರತಿ ಹಂತದಲ್ಲೂ ಫೋಟೊ ತೆಗೆದು, ಪ್ರತಿ ಬೋಲ್ಟನ್ನೂ ಅದರ ಭಾಗದ ಜೊತೆಯಲ್ಲೇ ಚೀಲದಲ್ಲಿ ಕಟ್ಟಿಡಿ. ಹಳೆಯ ಕ್ಲಚ್ಚಿನ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುವ ಸಾಧ್ಯತೆ ಇರುವುದರಿಂದ ದಾನಿ ಕಾರಿನ ಬೆಲ್ ಹೌಸಿಂಗಿನ ಒಳಗಿನ ಕಪ್ಪು ಪುಡಿಯನ್ನು ಗಾಳಿ ಹೊಡೆದು ಹಾರಿಸಬಾರದು. ಮುಖಕ್ಕೆ ತಕ್ಕ ಮಾಸ್ಕ್ ಹಾಕಿಕೊಂಡು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು.

ಪೈಲಟ್ ಬೇರಿಂಗ್ ಎಂದರೇನು? ಎಲ್ಲರೂ ಅದರ ಬಗ್ಗೆ ಅಷ್ಟು ಎಚ್ಚರಿಸುವುದೇಕೆ?

ಮ್ಯಾನುಯಲ್ ಗೇರ್‌ಬಾಕ್ಸಿನ ಇನ್‌ಪುಟ್ ಶಾಫ್ಟು ಕ್ಲಚ್ ಪ್ಲೇಟನ್ನು ತೂರಿಕೊಂಡು ಮುಂದೆ ಬಂದು, ಅದರ ಸಣ್ಣ ತುದಿ ಕ್ರ್ಯಾಂಕ್‌ಶಾಫ್ಟಿನ ಹಿಂಬದಿಯ ನಡುಮಧ್ಯದ ಕುಳಿಯೊಳಗೆ ಕೂರುತ್ತದೆ. ಆ ಕುಳಿಯಲ್ಲಿರುವ ಕಂಚಿನ ಬುಷ್ ಅಥವಾ ಬೇರಿಂಗೇ ಪೈಲಟ್ ಬೇರಿಂಗ್. ಆಟೋಮ್ಯಾಟಿಕ್‌ಗೆ ಅದರ ಅಗತ್ಯವಿಲ್ಲ. ಆದ್ದರಿಂದ ಆಟೋಮ್ಯಾಟಿಕ್ ಕಾರಿಗೆಂದು ಬಂದ ಕ್ರ್ಯಾಂಕ್‌ಶಾಫ್ಟುಗಳಲ್ಲಿ ಕೆಲವು ಸಲ ಆ ಕುಳಿಯನ್ನು ಪೂರ್ತಿ ಅಳತೆಗೆ ಕೊರೆದಿರುವುದಿಲ್ಲ. ಕ್ರೈಸ್ಲರ್ ಎಂಜಿನ್‌ಗಳಲ್ಲಿ ಈ ತೊಂದರೆ ಹೆಸರುವಾಸಿ. ಅಲ್ಲಿ ಟಾರ್ಕ್ ಕನ್ವರ್ಟರಿನ (ಆಟೋಮ್ಯಾಟಿಕ್‌ನಲ್ಲಿ ಕ್ಲಚ್ಚಿನ ಜಾಗದಲ್ಲಿದ್ದು ಎಣ್ಣೆಯ ಮೂಲಕ ಶಕ್ತಿ ದಾಟಿಸುವ ಭಾಗ) ಮೂತಿ ಕೂರುವ ದೊಡ್ಡ ಕುಳಿಯಲ್ಲೇ ಕೂರುವಂಥ ರೋಲರ್ ಬೇರಿಂಗ್ ಸಿಗುತ್ತದೆ. ಆದರೂ ಒಳಗಿನ ರಂಧ್ರ ಸಾಕಷ್ಟು ಆಳವಿಲ್ಲದಿದ್ದರೆ ಇನ್‌ಪುಟ್ ಶಾಫ್ಟಿನ ತುದಿಯನ್ನು ಸ್ವಲ್ಪ ಕತ್ತರಿಸಬೇಕಾಗುತ್ತದೆ.

ಇದನ್ನು ಊಹೆಗೆ ಬಿಡಬೇಡಿ. ಫ್ಲೆಕ್ಸ್ ಪ್ಲೇಟನ್ನು ತೆಗೆದ ಕೂಡಲೇ ಕುಳಿಯೊಳಗಿನ ತುಕ್ಕು, ಮಣ್ಣು, ಗಟ್ಟಿಯಾದ ಗ್ರೀಸು ಎಲ್ಲವನ್ನೂ ಕೆರೆದು ತೆಗೆದು, ವರ್ನಿಯರ್ ಕ್ಯಾಲಿಪರಿನಿಂದ ಮೂರು ಅಳತೆ ತೆಗೆದುಕೊಳ್ಳಿ: ಕುಳಿಯ ಬಾಯಿಯ ವ್ಯಾಸ, ಒಳಗಿನ ವ್ಯಾಸ, ಆಳ. ನಂತರ ಬೆಲ್ ಹೌಸಿಂಗನ್ನು ಗೇರ್‌ಬಾಕ್ಸಿಗೆ ಬಿಗಿದು, ಅದರ ಮುಂದಿನ ಮುಖದಿಂದ ಶಾಫ್ಟಿನ ತುದಿ ಎಷ್ಟು ಆಚೆ ಚಾಚುತ್ತದೆ ಎಂದು ಅಳೆಯಿರಿ. ಎಂಜಿನ್ನಿನ ಕಡೆಯ ಲೆಕ್ಕವೂ ಗೇರ್‌ಬಾಕ್ಸಿನ ಕಡೆಯ ಲೆಕ್ಕವೂ ಕಾಗದದ ಮೇಲೆ ತಾಳೆಯಾದ ಮೇಲೆಯೇ ಗೇರ್‌ಬಾಕ್ಸನ್ನು ಎತ್ತಬೇಕು. ಶಾಫ್ಟಿನ ತುದಿ ಕುಳಿಯ ತಳಕ್ಕೆ ತಾಗಿದ ಸ್ಥಿತಿಯಲ್ಲಿ ಬೋಲ್ಟು ಬಿಗಿದರೆ ಕ್ರ್ಯಾಂಕ್‌ಶಾಫ್ಟಿನ ಥ್ರಸ್ಟ್ ಬೇರಿಂಗ್ ಹಾಳಾಗುತ್ತದೆ, ಗೇರ್‌ಬಾಕ್ಸಿನ ಬೇರಿಂಗೂ ಉಳಿಯುವುದಿಲ್ಲ. ಕ್ಲಚ್ ಒತ್ತಿದಾಗಲೆಲ್ಲ ಕ್ರ್ಯಾಂಕ್‌ಶಾಫ್ಟನ್ನು ಮುಂದಕ್ಕೆ ನೂಕುವ ಬಲವನ್ನು ತಡೆಯುವುದು ಅದೇ ಥ್ರಸ್ಟ್ ಬೇರಿಂಗ್. ಆದ್ದರಿಂದ ಕ್ರ್ಯಾಂಕ್‌ಶಾಫ್ಟಿನ ಉದ್ದದ ಆಟ ಎಂಜಿನ್ ಕೈಪಿಡಿ ಹೇಳುವ ಮಿತಿಯೊಳಗಿದೆಯೇ ಎಂಬುದನ್ನು ಇದೇ ಹಂತದಲ್ಲಿ ನೋಡಿಕೊಳ್ಳಿ. ಕ್ರ್ಯಾಂಕ್‌ಶಾಫ್ಟಿನ ಹಿಂದಿನ ಆಯಿಲ್ ಸೀಲನ್ನು ಬದಲಿಸಲು ಇದಕ್ಕಿಂತ ಒಳ್ಳೆಯ ಸಮಯ ಮತ್ತೆ ಬರುವುದಿಲ್ಲ.

ಅದೇ ಕಂಪನಿಯ ಯಾವ ಫ್ಲೈವೀಲಾದರೂ ನಡೆಯುತ್ತದೆಯೇ?

ನಡೆಯುವುದಿಲ್ಲ. ಬೋಲ್ಟಿನ ರಂಧ್ರಗಳು ಹೊಂದಿದ ಮಾತ್ರಕ್ಕೆ ಫ್ಲೈವೀಲು ಆ ಎಂಜಿನ್ನಿನದು ಎಂದು ತಿಳಿಯಬಾರದು. ಕೆಲವು ಎಂಜಿನ್‌ಗಳ ಸಮತೋಲನ ಪೂರ್ತಿಯಾಗಿ ಕ್ರ್ಯಾಂಕ್‌ಶಾಫ್ಟಿನಲ್ಲೇ ಇರುತ್ತದೆ. ಇನ್ನು ಕೆಲವದರಲ್ಲಿ ಅದರ ಒಂದು ಪಾಲು ಫ್ಲೈವೀಲಿನ ತೂಕದಲ್ಲಿರುತ್ತದೆ. ಫೋರ್ಡ್ 302 ಎಂಜಿನ್ನಿಗೆ (ಇಂಥ ಸಂಖ್ಯೆ ಘನ ಇಂಚಿನಲ್ಲಿ ಎಂಜಿನ್ನಿನ ಗಾತ್ರ) ಮೊದಲು 28 ಔನ್ಸ್-ಇಂಚಿನ ಅಸಮತೂಕದ ಫ್ಲೈವೀಲು ಬೇಕಿತ್ತು, 1980ರ ದಶಕದ ಆರಂಭದಿಂದ ಅದು 50 ಔನ್ಸ್-ಇಂಚು ಆಯಿತು. ಷೆವ್ರೊಲೆ 350 ಎಂಜಿನ್ 1985ರವರೆಗೆ ಒಳಗೇ ಸಮತೋಲನ ಹೊಂದಿತ್ತು, 1986ರಿಂದ ಬಂದ ಎಂಜಿನ್‌ಗಳಿಗೆ ತೂಕ ಸೇರಿಸಿದ ಫ್ಲೈವೀಲು ಬೇಕು. ಅದೇ ಕುಟುಂಬದ 400 ಎಂಜಿನ್ ಮೊದಲಿನಿಂದಲೂ ಹೊರಗಿನ ತೂಕವನ್ನೇ ನೆಚ್ಚಿಕೊಂಡಿದೆ. ತಪ್ಪು ಫ್ಲೈವೀಲು ಹಾಕಿದರೆ ಎಂಜಿನ್ ನಡುಗುತ್ತದೆ, ಆ ನಡುಕ ಮುಖ್ಯ ಬೇರಿಂಗುಗಳನ್ನು ತಿನ್ನುತ್ತದೆ.

ಫ್ಲೈವೀಲಿನ ಅಂಚಿನಲ್ಲಿ ಸ್ಟಾರ್ಟರ್ ಹಿಡಿಯುವ ಹಲ್ಲುಗಳ ಎಣಿಕೆಯನ್ನೂ ನೋಡಬೇಕು. ಷೆವ್ರೊಲೆಯಲ್ಲಿ 153 ಮತ್ತು 168, ಫೋರ್ಡಿನಲ್ಲಿ 157 ಮತ್ತು 164 ಹಲ್ಲುಗಳ ರಿಂಗ್ ಗೇರುಗಳಿವೆ. ಸ್ಟಾರ್ಟರ್ ಮೋಟಾರು, ಬೆಲ್ ಹೌಸಿಂಗಿನ ಗಾತ್ರ, ಫ್ಲೈವೀಲಿನ ವ್ಯಾಸ ಮೂರೂ ಒಂದಕ್ಕೊಂದು ಹೊಂದಿರಬೇಕು.

ಬೆಲ್ ಹೌಸಿಂಗಿನ ಕೇಂದ್ರವನ್ನು ನಿಜವಾಗಿಯೂ ಅಳೆಯಬೇಕೇ? ಪಿನ್ನುಗಳು ಅದನ್ನು ಸರಿಯಾಗಿ ಕೂರಿಸುವುದಿಲ್ಲವೇ?

ಅಳೆಯಲೇಬೇಕು. ಎಂಜಿನ್ ಬ್ಲಾಕಿನ ಹಿಂಬದಿಯ ಎರಡು ಪಿನ್ನುಗಳು ಬೆಲ್ ಹೌಸಿಂಗನ್ನು ಹಿಡಿಯುತ್ತವೆ, ನಿಜ. ಆದರೆ ನೀವು ಹಾಕುತ್ತಿರುವ ಹೌಸಿಂಗ್ ಬೇರೊಂದು ಎಂಜಿನ್ನಿನ ಜೊತೆ ಹುಟ್ಟಿದ್ದು. ಟಾರ್ಕ್ ಕನ್ವರ್ಟರು ತೆಳುವಾದ ತಗಡಿನ ಮೂಲಕ ಜೋಡಣೆಯಾಗಿರುವುದರಿಂದ ಸಣ್ಣ ವ್ಯತ್ಯಾಸವನ್ನು ಸಹಿಸಿಕೊಳ್ಳುತ್ತದೆ. ಮ್ಯಾನುಯಲ್ ಗೇರ್‌ಬಾಕ್ಸ್ ಸಹಿಸುವುದಿಲ್ಲ.

ನಾನು ಮಾಡಿದ ಮೊದಲ ಪರಿವರ್ತನೆಯಲ್ಲಿ ಈ ಅಳತೆಯನ್ನು ಬಿಟ್ಟಿದ್ದೆ. ಕಾರು ಎರಡು ತಿಂಗಳು ಚೆನ್ನಾಗಿಯೇ ಓಡಿತು. ಆಮೇಲೆ ಇಳಿಜಾರಿನಲ್ಲಿ ಕಾಲು ತೆಗೆದಾಗಲೆಲ್ಲ ಗೇರು ತಾನಾಗಿಯೇ ನ್ಯೂಟ್ರಲಿಗೆ ಬೀಳತೊಡಗಿತು. ಎಲ್ಲವನ್ನೂ ಮತ್ತೆ ಇಳಿಸಿ ನೋಡಿದಾಗ ಪೈಲಟ್ ಬುಷ್ ಅಂಡಾಕಾರಕ್ಕೆ ಸವೆದಿತ್ತು, ಇನ್‌ಪುಟ್ ಬೇರಿಂಗ್ ಕೈಯಲ್ಲಿ ತಿರುಗಿಸಿದರೆ ಮರಳು ಸೇರಿದಂತೆ ಗರಗರ ಎನ್ನುತ್ತಿತ್ತು. ಆ ಹೌಸಿಂಗಿಗೆ ಗೇಜು ಇಟ್ಟಾಗ ಮುಳ್ಳು 0.4 ಮಿಲಿಮೀಟರ್‌ಗಿಂತ ಹೆಚ್ಚು ಓಡಿತು. ಅಂದಿನಿಂದ ಈ ಹಂತವನ್ನು ಒಂದೇ ಒಂದು ಸಲವೂ ಬಿಟ್ಟಿಲ್ಲ.

ಕ್ರಮ ಕಷ್ಟವೇನಲ್ಲ. ಕ್ಲಚ್ ಜೋಡಿಸುವ ಮುನ್ನ ಫ್ಲೈವೀಲು ಮತ್ತು ಬರಿಯ ಬೆಲ್ ಹೌಸಿಂಗನ್ನು ಬಿಗಿದು, ಅಯಸ್ಕಾಂತದ ತಳವಿರುವ ಡಯಲ್ ಗೇಜನ್ನು ಫ್ಲೈವೀಲಿನ ಮೇಲೆ ನಿಲ್ಲಿಸಿ, ಅದರ ಮೊನೆ ಹೌಸಿಂಗಿನ ಹಿಂದಿನ ದೊಡ್ಡ ರಂಧ್ರದ ಒಳಅಂಚಿಗೆ ತಾಗುವಂತೆ ಮಾಡಿ. ಎಂಜಿನ್ನನ್ನು ಕೈಯಿಂದ ನಿಧಾನವಾಗಿ ಒಂದು ಪೂರ್ತಿ ಸುತ್ತು ತಿರುಗಿಸಿ, ಮುಳ್ಳಿನ ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಂಕಿಗಳನ್ನು ಬರೆದುಕೊಳ್ಳಿ. ಇವೆರಡರ ವ್ಯತ್ಯಾಸ 0.005 ಇಂಚು, ಅಂದರೆ ಸುಮಾರು 0.13 ಮಿಲಿಮೀಟರ್ ಒಳಗಿದ್ದರೆ ಚಿಂತೆಯಿಲ್ಲ. ಹೆಚ್ಚಿದ್ದರೆ ಕೇಂದ್ರ ತಪ್ಪಿಸಿ ಮಾಡಿದ ಪಿನ್ನುಗಳನ್ನು ಹಾಕಿ, ತಿರುಗಿಸಿ ಹೊಂದಿಸಬಹುದು, 0.007, 0.014, 0.021 ಇಂಚಿನ ಅಳತೆಗಳಲ್ಲಿ ಅವು ಸಿಗುತ್ತವೆ. ಹೌಸಿಂಗಿನ ಹಿಂದಿನ ಮುಖ ಚಪ್ಪಟೆಯಾಗಿ, ಓರೆಯಿಲ್ಲದೆ ಇದೆಯೇ ಎಂದು ಇದೇ ಗೇಜಿನಿಂದ ನೋಡಿ.

ಯಾವ ಗೇರ್‌ಬಾಕ್ಸ್ ಆರಿಸಬೇಕು? ಡಿಫರೆನ್ಷಿಯಲ್ಲನ್ನೂ ಬದಲಿಸಬೇಕೇ?

ಈ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳುವುದೇ ತಪ್ಪು. ಟಾರ್ಕ್ ಕನ್ವರ್ಟರು ಕಾರು ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ತಿರುಚುಬಲವನ್ನು ಸುಮಾರು ಎರಡು ಪಟ್ಟು ಹೆಚ್ಚಿಸಿ ಕೊಡುತ್ತದೆ. ಆ ಸಹಾಯವಿದ್ದುದರಿಂದಲೇ ಕಾರ್ಖಾನೆಯವರು ಆಟೋಮ್ಯಾಟಿಕ್ ಕಾರುಗಳಿಗೆ 2.73ರಂಥ ಕಡಿಮೆ ಅನುಪಾತದ ಡಿಫರೆನ್ಷಿಯಲ್ ಕೊಡಲು ಸಾಧ್ಯವಾಯಿತು. ಕ್ಲಚ್ಚು ಏನನ್ನೂ ಹೆಚ್ಚಿಸುವುದಿಲ್ಲ, ಎಂಜಿನ್ ಕೊಟ್ಟಷ್ಟನ್ನೇ ದಾಟಿಸುತ್ತದೆ.

ಲೆಕ್ಕ ಹಾಕಿ ನೋಡೋಣ. ಟರ್ಬೊ-ಹೈಡ್ರಾಮ್ಯಾಟಿಕ್ 350ರ ಮೊದಲ ಗೇರು 2.52. ಇದನ್ನು 2.73ರಿಂದ ಗುಣಿಸಿದರೆ 6.9 ಆಗುತ್ತದೆ, ಕನ್ವರ್ಟರಿನ ಪಾಲೂ ಸೇರಿದರೆ ಹೊರಡುವ ಕ್ಷಣದಲ್ಲಿ 13ರ ಮೇಲೆ ಹೋಗುತ್ತದೆ. ಅದೇ ಕಾರಿಗೆ ಮೊದಲ ಗೇರು 2.20 ಇರುವ ಮನ್ಸಿ ಎಂ21 ಎಂಬ ನಾಲ್ಕು ಗೇರಿನ ಮ್ಯಾನುಯಲ್ ಪೆಟ್ಟಿಗೆ ಹಾಕಿದರೆ ಸಿಗುವುದು ಬರೀ 6. ಪ್ರತಿ ಸಲ ಹೊರಡುವಾಗಲೂ ಕ್ಲಚ್ಚನ್ನು ಅರ್ಧ ಹಿಡಿದು ಜಾರಿಸಬೇಕಾಗುತ್ತದೆ, ಲೈನಿಂಗು ಸುಟ್ಟ ವಾಸನೆ ಬರುತ್ತದೆ. ಮೊದಲ ಗೇರನ್ನೂ ಡಿಫರೆನ್ಷಿಯಲ್ಲನ್ನೂ ಗುಣಿಸಿದಾಗ ಬರುವ ಅಂಕಿ 9ರಿಂದ 11ರ ಆಸುಪಾಸಿನಲ್ಲಿದ್ದರೆ ಕಾರು ರಸ್ತೆಯಲ್ಲಿ ಹಿತವಾಗಿ ಹೊರಡುತ್ತದೆ ಎಂಬುದು ನನ್ನ ಅನುಭವ. ಮೊದಲ ಗೇರು 2.52 ಇರುವ ಮನ್ಸಿ ಎಂ20 ಮತ್ತು 3.55ರ ಡಿಫರೆನ್ಷಿಯಲ್ ಸೇರಿದರೆ 8.9, ಮೊದಲ ಗೇರು 3.35 ಇರುವ ಐದು ಗೇರಿನ ಟಿ5 ಮತ್ತು 2.73 ಸೇರಿದರೆ 9.1.

ಹಾಗಾದರೆ ಟಿ5 ಹಾಕಿ ಡಿಫರೆನ್ಷಿಯಲ್ಲನ್ನು ಹಾಗೆಯೇ ಬಿಡಬಹುದಲ್ಲವೇ ಎಂದು ಅನ್ನಿಸಬಹುದು. ಇನ್ನೊಂದು ತುದಿಯನ್ನೂ ನೋಡಿ. 660 ಮಿಲಿಮೀಟರ್ ವ್ಯಾಸದ ಟೈರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ನಿಮಿಷಕ್ಕೆ ಸುಮಾರು 800 ಸುತ್ತು ತಿರುಗುತ್ತದೆ. 2.73ರ ಡಿಫರೆನ್ಷಿಯಲ್ಲಿಗೆ 0.68ರ ಐದನೇ ಗೇರು ಸೇರಿದರೆ ಎಂಜಿನ್ 1,500 ಸುತ್ತಿನಲ್ಲಿ ಏದುಸಿರು ಬಿಡುತ್ತದೆ. ಐದನೇ ಗೇರು ಇದ್ದೂ ಇಲ್ಲದಂತೆ. ಅದೇ 3.55 ಇದ್ದರೆ 1,950ರ ಹತ್ತಿರ ನೆಮ್ಮದಿಯಾಗಿ ಓಡುತ್ತದೆ. ಐದನೇ ಗೇರಿಲ್ಲದ ನಾಲ್ಕು ಗೇರಿನ ಪೆಟ್ಟಿಗೆಯಾದರೆ ಅದೇ ವೇಗಕ್ಕೆ 2,850 ಸುತ್ತು ಬೇಕು, ದೂರದ ಪ್ರಯಾಣದಲ್ಲಿ ಆ ಸದ್ದು ಕಿವಿಗೆ ಬೇಸರ ತರಿಸುತ್ತದೆ.

ಕಾರನ್ನು ಅದರ ಕಾಲದ ರೂಪದಲ್ಲೇ ಇಡಬೇಕೆನ್ನುವವರಿಗೆ ಮನ್ಸಿ, ಬೋರ್ಗ್‌ವಾರ್ನರ್ ಟಿ10, ಫೋರ್ಡ್ ಟಾಪ್‌ಲೋಡರ್ ಸರಿಯಾದವು. ಹೆಚ್ಚು ಓಡಿಸುವವರು ಐದು ಗೇರಿನದನ್ನೇ ತೆಗೆದುಕೊಳ್ಳಲಿ. ಟಿ5 ಹಗುರ ಮತ್ತು ಸಣ್ಣದು, ಆದರೆ ದೊಡ್ಡ ವಿ8 ಎಂಜಿನ್ನಿನ ಬಲವನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿಲ್ಲ. ಅಂಥವಕ್ಕೆ ಟ್ರೆಮೆಕ್ ಟಿಕೆಎಕ್ಸ್‌ನಂಥ ಗಟ್ಟಿ ಪೆಟ್ಟಿಗೆ ಬೇಕು.

ಕ್ಲಚ್ಚಿಗೆ ಸರಳು, ಕೇಬಲ್ಲು, ಹೈಡ್ರಾಲಿಕ್: ಯಾವುದು ಒಳ್ಳೆಯದು?

ಕಾರ್ಖಾನೆಯವರು ನಿಮ್ಮ ಮಾದರಿಗೆ ಯಾವುದನ್ನು ಕೊಟ್ಟಿದ್ದರೋ ಅದು. ಸರಳಿನ ವ್ಯವಸ್ಥೆಗೆ ಎಂಜಿನ್ನಿಗೂ ಚಾಸಿಗೂ ನಡುವೆ ತಿರುಗುವ ಅಡ್ಡದಂಡ ಬೇಕು. ಎಕ್ಸಾಸ್ಟ್ ಪೈಪುಗಳನ್ನು ಬದಲಿಸಿದ ಕಾರಿನಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ. ಕೇಬಲ್ಲು ಸುಲಭ, ಆದರೆ ಫೈರ್‌ವಾಲಿನ ತಗಡು ತೆಳುವಾಗಿದ್ದರೆ ಪೆಡಲ್ ಒತ್ತಿದಾಗ ತಗಡೇ ಬಾಗುತ್ತದೆ, ಕೊನೆಗೆ ಬಿರುಕು ಬಿಡುತ್ತದೆ. ಹೈಡ್ರಾಲಿಕ್‌ನಲ್ಲಿ ಎರಡು ಬಗೆ. ಇನ್‌ಪುಟ್ ಶಾಫ್ಟಿನ ಸುತ್ತಲೇ ಕೂರುವ ಹೈಡ್ರಾಲಿಕ್ ರಿಲೀಸ್ ಬೇರಿಂಗ್ ನೋಡಲು ಅಚ್ಚುಕಟ್ಟು, ಆದರೆ ಅದು ಸೋರಿದರೆ ಇಡೀ ಗೇರ್‌ಬಾಕ್ಸ್ ಇಳಿಯಬೇಕು. ಫೋರ್ಕನ್ನು ತಳ್ಳುವ ಸ್ಲೇವ್ ಸಿಲಿಂಡರ್ ಹೊರಗಡೆ ಇರುವ ಹಳೆಯ ಪದ್ಧತಿಯೇ ನನಗೆ ಹೆಚ್ಚು ಒಪ್ಪಿಗೆ.

ಪೆಡಲುಗಳ ಕೆಲಸ ಎಷ್ಟು ಕಷ್ಟ?

ಮೈ ನೋಯಿಸುವ ಕೆಲಸ. ಡ್ಯಾಷ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ ಮಾಡಬೇಕು. ಆಟೋಮ್ಯಾಟಿಕ್‌ನ ಅಗಲವಾದ ಬ್ರೇಕ್ ಪೆಡಲನ್ನು ತೆಗೆದು ಕಿರಿದಾದ ಪೆಡಲನ್ನೂ ಕ್ಲಚ್ ಪೆಡಲನ್ನೂ ಒಂದೇ ಜೋಡಣೆಯಾಗಿ ಹಾಕಬೇಕು. ಅಗಲದ ಪೆಡಲನ್ನು ಕತ್ತರಿಸಿ ಕಿರಿದು ಮಾಡುವವರಿದ್ದಾರೆ. ಬ್ರೇಕಿಗೆ ಸಂಬಂಧಿಸಿದ ಯಾವ ಭಾಗವನ್ನೂ ಹೀಗೆ ಕತ್ತರಿಸಿ ಬೆಸೆಯಬಾರದು. ಪೆಡಲುಗಳ ಬುಷ್‌ಗಳನ್ನು ಕಡ್ಡಾಯವಾಗಿ ಹೊಸದು ಹಾಕಿ.

ಪ್ರೊಪೆಲ್ಲರ್ ಶಾಫ್ಟನ್ನು ಕತ್ತರಿಸಬೇಕೇ?

ಅದು ಎರಡು ಗೇರ್‌ಬಾಕ್ಸ್‌ಗಳ ಉದ್ದವನ್ನು ಅವಲಂಬಿಸಿದೆ. ಹೊಸ ಗೇರ್‌ಬಾಕ್ಸನ್ನು ಅದರ ಜಾಗದಲ್ಲಿ ಬಿಗಿದು, ಕಾರಿನ ಭಾರ ಚಕ್ರಗಳ ಮೇಲಿರುವಾಗ ಅಳೆಯಿರಿ. ಯೋಕು ಪೂರ್ತಿ ಒಳಗೆ ಹೋದ ಜಾಗದಿಂದ 20ರಿಂದ 25 ಮಿಲಿಮೀಟರ್ ಹಿಂದಕ್ಕೆ ಇರಬೇಕು. ಹಲ್ಲುಗಳನ್ನೂ ಎಣಿಸಿ: ಟರ್ಬೊ-ಹೈಡ್ರಾಮ್ಯಾಟಿಕ್ 350ಕ್ಕೆ 27, 400ಕ್ಕೆ 32 ಹಲ್ಲುಗಳ ಯೋಕು. ಶಾಫ್ಟನ್ನು ಗಿಡ್ಡ ಮಾಡಿಸಿದರೆ ಮತ್ತೆ ಬ್ಯಾಲೆನ್ಸ್ ಮಾಡಿಸದೆ ಹಾಕಬಾರದು.

ನೆಲದಲ್ಲಿ ರಂಧ್ರ ಕೊರೆಯಬೇಕೇ? ಸ್ಟೀರಿಂಗ್ ಕಾಲಮ್ಮಿನ ಲಿವರು ಏನಾಗುತ್ತದೆ?

ಲಿವರಿಗೆ ರಂಧ್ರ ಬೇಕೇ ಬೇಕು. ಗೇರ್‌ಬಾಕ್ಸನ್ನು ತಾತ್ಕಾಲಿಕವಾಗಿ ಕೂರಿಸಿ, ಕೆಳಗಿನಿಂದ ಗುರುತು ಹಾಕಿ, ಮೊದಲು ಸಣ್ಣದಾಗಿ ಕೊರೆದು ಆಮೇಲೆ ದೊಡ್ಡದು ಮಾಡಿ. ಕಾಲಮ್ಮಿನ ಲಿವರನ್ನು ತೆಗೆದುಬಿಟ್ಟರೆ ಕೆಲಸ ಮುಗಿಯಲಿಲ್ಲ: 1969ರಿಂದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಬೀಗದ ಕೈ ಕಾಲಮ್ಮಿಗೆ ಬಂದು, ಸ್ಟೀರಿಂಗ್ ಬೀಗಕ್ಕೂ ಗೇರಿಗೂ ಸಂಬಂಧ ಏರ್ಪಟ್ಟಿತು. ಅಂಥ ಕಾರಿಗೆ ಮ್ಯಾನುಯಲ್‌ನ ಕಾಲಮ್ಮನ್ನೇ ತರುವುದು ಒಳ್ಳೆಯದು. ಓಡುತ್ತಿರುವಾಗ ಸ್ಟೀರಿಂಗ್ ಬೀಗ ಬೀಳುವ ಸಾಧ್ಯತೆ ಎಳ್ಳಷ್ಟೂ ಇರಬಾರದು.

ಎಲ್ಲ ಜೋಡಿಸಿದ ಮೇಲೆ ಕೀ ತಿರುಗಿಸಿದರೆ ಸೆಲ್ಫ್ ಹೊಡೆಯುತ್ತಿಲ್ಲ. ಏಕೆ?

ಆಟೋಮ್ಯಾಟಿಕ್ ಕಾರು ಪಾರ್ಕ್ ಅಥವಾ ನ್ಯೂಟ್ರಲಿನಲ್ಲಿದ್ದಾಗ ಮಾತ್ರ ಸ್ಟಾರ್ಟ್ ಆಗುವಂತೆ ತಡೆಯುವ ಸ್ವಿಚ್ಚೊಂದಿದೆ. ಅದನ್ನು ತೆಗೆದಿರುವುದರಿಂದ ಸ್ಟಾರ್ಟರಿಗೆ ಹೋಗುವ ತಂತಿ ತುಂಡಾಗಿದೆ. ಎರಡು ತಂತಿಗಳನ್ನು ಸೇರಿಸಿ ಸುತ್ತಿಬಿಡುವುದು ವಾಡಿಕೆ, ಆದರೆ ಕ್ಲಚ್ ಪೆಡಲಿಗೆ ಸ್ವಿಚ್ಚು ಹಾಕಿ ಅದರ ಮೂಲಕ ಸೇರಿಸಿದರೆ ಕಾರು ಗೇರಿನಲ್ಲಿರುವಾಗ ಯಾರಾದರೂ ಕೀ ತಿರುಗಿಸಿದರೂ ಮುಂದಕ್ಕೆ ನೆಗೆಯುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಇದನ್ನು ಬಿಡಲೇಬೇಡಿ. ರೇಡಿಯೇಟರಿನಲ್ಲಿ ಗೇರ್ ಆಯಿಲ್ ತಂಪಾಗಲು ಬಳಸುತ್ತಿದ್ದ ಪೈಪುಗಳನ್ನು ತೆಗೆದು ಅವುಗಳ ಬಾಯಿ ಮುಚ್ಚಿ. ಇನ್‌ಟೇಕ್ ಮ್ಯಾನಿಫೋಲ್ಡಿನಿಂದ ಗೇರ್‌ಬಾಕ್ಸಿಗೆ ಹೋಗುತ್ತಿದ್ದ ವ್ಯಾಕ್ಯೂಮ್ ಕೊಳವೆಯನ್ನೂ ಮುಚ್ಚಬೇಕು, ಇಲ್ಲದಿದ್ದರೆ ಎಂಜಿನ್ ಐಡಲಿನಲ್ಲಿ ತಡವರಿಸುತ್ತದೆ.

ಹ್ಯಾಂಡ್‌ಬ್ರೇಕಿಗೂ ಇದಕ್ಕೂ ಏನು ಸಂಬಂಧ?

ನೇರ ಸಂಬಂಧ. ಆಟೋಮ್ಯಾಟಿಕ್ ಕಾರನ್ನು ನಿಲ್ಲಿಸಿದಾಗ ಗೇರ್‌ಬಾಕ್ಸಿನೊಳಗಿನ ಪಾರ್ಕಿಂಗ್ ಕೊಕ್ಕೆ ಅದನ್ನು ಹಿಡಿದಿರುತ್ತದೆ. ಹೀಗಾಗಿ ದಶಕಗಳ ಕಾಲ ಯಾರೂ ಮುಟ್ಟದ ಹ್ಯಾಂಡ್‌ಬ್ರೇಕ್ ಕೇಬಲ್ಲು ತುಕ್ಕು ಹಿಡಿದು ನಿಂತಿರುತ್ತದೆ. ಪರಿವರ್ತನೆಯ ನಂತರ ಆ ಕೊಕ್ಕೆ ಇರುವುದಿಲ್ಲ. ಮೊದಲ ಓಟಕ್ಕೂ ಮುಂಚೆ ಹ್ಯಾಂಡ್‌ಬ್ರೇಕನ್ನು ಪೂರ್ತಿ ಸರಿಪಡಿಸಿ, ಇಳಿಜಾರಿನಲ್ಲಿ ಪರೀಕ್ಷಿಸಿ.

ಕಾರಿನ ಬೆಲೆ ಹೆಚ್ಚುತ್ತದೆಯೇ, ಕಡಿಮೆಯಾಗುತ್ತದೆಯೇ?

ಸಾಮಾನ್ಯ ಮಾದರಿಯಾದರೆ ಕೊಳ್ಳುವವರು ಮ್ಯಾನುಯಲ್ಲನ್ನು ಇಷ್ಟಪಡುವುದೇ ಹೆಚ್ಚು. ಆದರೆ ಎಂಜಿನ್, ಗೇರ್‌ಬಾಕ್ಸ್, ಚಾಸಿಯ ಸಂಖ್ಯೆಗಳು ಮೂಲದಂತೆಯೇ ಉಳಿದಿರುವ ಅಪರೂಪದ ಕಾರನ್ನು ದಯವಿಟ್ಟು ಮುಟ್ಟಬೇಡಿ. ಯಾವ ಕಾರೇ ಆಗಲಿ, ತೆಗೆದ ಆಟೋಮ್ಯಾಟಿಕ್, ಕನ್ವರ್ಟರು, ಪೆಡಲು, ತಂತಿಗಳನ್ನು ಹೆಸರು ಬರೆದು ಎತ್ತಿಡಿ. ಮಾರುವಾಗ ಕಾರಿನ ಜೊತೆಗೆ ಕೊಡಿ, ಪರಿವರ್ತನೆಯ ವಿಷಯವನ್ನು ಮುಚ್ಚಿಡದೆ ಹೇಳಿ. ನೋಂದಣಿ ಕಚೇರಿಗೆ ಮತ್ತು ವಿಮಾ ಕಂಪನಿಗೆ ತಿಳಿಸಬೇಕಾದುದನ್ನು ಕೆಲಸ ಶುರುವಾಗುವ ಮೊದಲೇ ವಿಚಾರಿಸಿಕೊಳ್ಳಿ.

ಗೇರ್‌ಬಾಕ್ಸನ್ನು ಎತ್ತಿ ಕೂರಿಸುವಾಗ ಯಾವ ತಪ್ಪು ಹೆಚ್ಚಾಗಿ ಆಗುತ್ತದೆ?

ಗೇರ್‌ಬಾಕ್ಸ್ ಕೊನೆಯ ಒಂದೆರಡು ಬೆರಳಗಲ ಉಳಿದಾಗ ಒಳಗೆ ಹೋಗದೆ ನಿಲ್ಲುತ್ತದೆ. ಕೈ ಸೋತಿರುತ್ತದೆ, ಬೋಲ್ಟು ಹಾಕಿ ಎಳೆದುಬಿಡೋಣ ಅನ್ನಿಸುತ್ತದೆ. ಹಾಗೆ ಮಾಡಿದರೆ ಕ್ಲಚ್ ಪ್ಲೇಟಿನ ನಡುಭಾಗ ಬಾಗುತ್ತದೆ ಅಥವಾ ಹೌಸಿಂಗಿನ ಕಿವಿ ಮುರಿಯುತ್ತದೆ. ಗೇರ್‌ಬಾಕ್ಸ್ ತನ್ನ ಭಾರವನ್ನು ಕ್ಲಚ್ ಪ್ಲೇಟಿನ ಮೇಲೆ ಒಂದು ಕ್ಷಣವೂ ಹೇರಬಾರದು. ಜಾಕಿನ ಮೇಲೆ ಅದನ್ನು ಸಮವಾಗಿ ನಿಲ್ಲಿಸಿ, ಗೇರಿಗೆ ಹಾಕಿ, ಹಿಂದಿನ ಯೋಕನ್ನು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ತಳ್ಳಿ. ಹಲ್ಲು ಹಲ್ಲಿಗೆ ಕೂಡಿದಾಗ ಪೆಟ್ಟಿಗೆ ತಾನಾಗಿಯೇ ಜಾರಿ ಬಂದು ಹೌಸಿಂಗಿಗೆ ಮುಖ ಕೊಡುತ್ತದೆ. ಹಾಗೆ ಬರದಿದ್ದರೆ ಹೊರಗೆ ತೆಗೆದು, ಕ್ಲಚ್ ಪ್ಲೇಟು ನಡುವಿಗೆ ಕೂತಿದೆಯೇ ಎಂದು ಜೋಡಣೆಯ ಕಡ್ಡಿಯಿಂದ ಮತ್ತೆ ನೋಡಿ.

ಯಾವ ಆಯಿಲ್ ಹಾಕಬೇಕು?

ಕಂಚಿನ ಸಿಂಕ್ರೊ ಉಂಗುರಗಳಿರುವ (ಗೇರುಗಳು ಕಿರುಗುಟ್ಟದೆ ಕೂಡುವಂತೆ ಮಾಡುವ ಉಂಗುರಗಳು) ಹಳೆಯ ಪೆಟ್ಟಿಗೆಗಳಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್. ಜಿಎಲ್-5ರಲ್ಲಿ ಹೆಚ್ಚಾಗಿ ಇರುವ ಗಂಧಕದ ಸಂಯುಕ್ತಗಳು ಕಂಚನ್ನು ತಿನ್ನಬಲ್ಲವು. ಟಿ5ರ ‘ವರ್ಲ್ಡ್ ಕ್ಲಾಸ್’ ಎಂಬ ಮಾದರಿಗೆ ಮಾತ್ರ ಆಟೋಮ್ಯಾಟಿಕ್‌ಗೆ ಹಾಕುವ ತೆಳುವಾದ ಆಯಿಲ್ಲೇ ಬೇಕು.

ಕ್ಲಚ್ ಪೂರ್ತಿ ಒತ್ತಿದರೂ ರಿವರ್ಸಿಗೆ ಹಾಕುವಾಗ ಗೇರು ಕಿರುಗುಟ್ಟುತ್ತದೆ. ಗೇರ್‌ಬಾಕ್ಸ್ ಕೆಟ್ಟಿದೆಯೇ?

ಮೊದಲು ಕ್ಲಚ್ಚನ್ನು ಅನುಮಾನಿಸಿ. ಅದು ಪೂರ್ತಿ ಬಿಡುತ್ತಿಲ್ಲ. ಹೈಡ್ರಾಲಿಕ್ ಆದರೆ ಗಾಳಿ ಉಳಿದಿರಬಹುದು. ಸರಳು ಅಥವಾ ಕೇಬಲ್ಲಾದರೆ ಪೆಡಲಿನ ಆಟ ಹೆಚ್ಚಿರಬಹುದು, ಅದು ಸಾಮಾನ್ಯವಾಗಿ 20ರಿಂದ 25 ಮಿಲಿಮೀಟರ್ ಇರಬೇಕು. ಕ್ಲಚ್ ಪ್ಲೇಟು ತಿರುವುಮುರುವಾಗಿ ಕೂತಿದ್ದರೂ ಹೀಗಾಗುತ್ತದೆ. ಪೈಲಟ್ ಬುಷ್ ಬಿಗಿಯಾಗಿ ಶಾಫ್ಟನ್ನು ಕಚ್ಚಿಕೊಂಡಿದ್ದರೆ ಪೆಡಲ್ ಎಷ್ಟು ಹೊಂದಿಸಿದರೂ ತೊಂದರೆ ಹೋಗುವುದಿಲ್ಲ.

ಹೊಸ ಕ್ಲಚ್ಚನ್ನು ಹೇಗೆ ಪಳಗಿಸಬೇಕು?

ಮೊದಲ 800 ಕಿಲೋಮೀಟರ್ ಆಗಾಗ ನಿಂತು ಹೊರಡುವ ಸಾಮಾನ್ಯ ಓಡಾಟ ಮಾಡಿ. ಆಕ್ಸಿಲರೇಟರನ್ನು ಪೂರ್ತಿ ಒತ್ತುವುದು, ಭಾರ ಎಳೆಯುವುದು ಬೇಡ. ಮೊದಲ ದಿನದ ಓಟ ಮುಗಿದ ಮೇಲೆ ಕಾರಿನ ಕೆಳಗೆ ರಟ್ಟು ಹಾಸಿ ರಾತ್ರಿಯಿಡೀ ಬಿಡಿ, ಬೆಳಿಗ್ಗೆ ಎಲ್ಲಿ ಹನಿ ಬಿದ್ದಿದೆ ನೋಡಿ. ಹನಿ ಬೆಲ್ ಹೌಸಿಂಗಿನ ಕೆಳಗಿದ್ದರೆ ಅದು ಎಂಜಿನ್ ಆಯಿಲ್ಲೋ ಗೇರ್ ಆಯಿಲ್ಲೋ ಎಂದು ಬೆರಳಿಗೆ ಹಚ್ಚಿ ಮೂಸಿದರೆ ತಿಳಿಯುತ್ತದೆ. ಗೇರ್ ಆಯಿಲ್ಲಿನ ಗಂಧಕದ ಘಾಟು ಮರೆಯುವಂಥದ್ದಲ್ಲ. 800 ಕಿಲೋಮೀಟರ್ ಮುಗಿದಾಗ ಅಡ್ಡಪಟ್ಟಿ, ಗೇರ್‌ಬಾಕ್ಸ್, ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳನ್ನು ಟಾರ್ಕ್ ವ್ರೆಂಚಿನಿಂದ ಮತ್ತೊಮ್ಮೆ ಪರೀಕ್ಷಿಸಿ, ಪೆಡಲಿನ ಆಟವನ್ನು ಮರಳಿ ಹೊಂದಿಸಿ.